ಹಿಂದಿನ ಸೀಟಿನ ಜಾಕೆಟ್ಟು

"ಯಾವ ಗಾಡಿ ಸರ್ ನಿಮ್ದು?" ಎಂದು ಅಂಗಡಿಯವರು ಕೇಳಿದಾಗ ನಾನು ಕಂದು ಬಣ್ಣದ ಚರ್ಮದ ಜಾಕೆಟ್ಟಿನಲ್ಲಿ ಒಂದು ಕೈ ತೂರಿಸಿ, ಇನ್ನೊಂದು ತೋಳು ಎಲ್ಲಿದೆ ಎಂದು ಬೆನ್ನ ಹಿಂದೆ ಹುಡುಕುತ್ತಾ ನಿಂತಿದ್ದೆ. ದಾವಣಗೆರೆಯ ಪಿ.ಬಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿ ಹೆಲ್ಮೆಟ್ಟು, ಸೀಟ್ ಕವರು, ಕೈಗವಸು ಮಾರುವ ಅಂಗಡಿ ಅದು. ಕನ್ನಡಿಯಲ್ಲಿ ಕಾಣುತ್ತಿದ್ದವನು ಐವತ್ತು ದಾಟಿದ, ಹೊಟ್ಟೆ ಬಂದ, ಕನ್ನಡಕದ ಮನುಷ್ಯ. ಅಂಥವನು ಯಾವ ಗಾಡಿಯ ಹೆಸರು ಹೇಳಿದರೂ ಅಂಗಡಿಯವರು ನಂಬುತ್ತಿರಲಿಲ್ಲ. ನಾನು ಕೇಳಿಸದವನಂತೆ ಜಿಪ್ಪು ಎಳೆಯತೊಡಗಿದೆ.

ನನಗೆ ಯಾವ ಗಾಡಿಯೂ ಇಲ್ಲ. ಓಡಿಸಲು ಬರುವುದೂ ಇಲ್ಲ. ಪಿಯುಸಿ ಓದುವಾಗ ಒಂದು ದಿನ ತರಗತಿಯಲ್ಲೇ ಮೂರ್ಛೆ ಬಂದು ಬಿದ್ದೆ. ಆಮೇಲೆ ಇನ್ನೆರಡು ಸಲ ಹಾಗಾಯಿತು. ಮಾತ್ರೆ ನುಂಗುತ್ತಾ ಬಂದದ್ದರಿಂದ ಎಷ್ಟೋ ವರ್ಷದಿಂದ ಅದು ನನ್ನ ತಂಟೆಗೆ ಬಂದಿಲ್ಲ. ಆದರೆ ಡಾಕ್ಟರು ಅವತ್ತೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು, ಗಾಡಿ ಮುಟ್ಟುವಂತಿಲ್ಲ ಎಂದು. ಹಾಲು ತರಲಿಕ್ಕೂ ಬೈಕು ಹತ್ತುವ ನಮ್ಮ ಊರಲ್ಲಿ ಗಾಡಿ ಓಡಿಸದ ಗಂಡಸು ಎಂದರೆ ಜನ ಒಂದು ಥರ ನೋಡುತ್ತಾರೆ. ನಾನೂ ವಾಪಸ್ ಹಾಗೇ ನೋಡುವುದನ್ನು ಕಲಿತಿದ್ದೇನೆ.

ಓಡಿಸುವವಳು ನನ್ನ ಹೆಂಡತಿ. ಅವಳು ಹರಿಹರದ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರು, ನಾನು ಅದೇ ಊರಿನ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ಮನೆ ದಾವಣಗೆರೆಯಲ್ಲೇ, ಶಾಮನೂರು ಕಡೆಯ ಹೊಸ ಬಡಾವಣೆಯಲ್ಲಿ. ಮದುವೆಯಾದ ಮರುವರ್ಷದಿಂದಲೂ ಬೆಳಿಗ್ಗೆ ಅವಳು ಮುಂದೆ, ನಾನು ಹಿಂದೆ. ದೊಡ್ಡಬಾತಿ ದಾಟಿ ಹರಿಹರ, ಸಂಜೆ ಅದೇ ದಾರಿಯಲ್ಲಿ ವಾಪಸ್. ಮೊದಮೊದಲು ಸಿಗ್ನಲ್ಲಿನಲ್ಲಿ ನಿಂತಾಗ ಹುಡುಗರು ಕಿಸಕ್ಕನೆ ನಗುತ್ತಿದ್ದರು. ಅವಳು ಆಕ್ಸಲರೇಟರು ತಿರುವಿದ ಕೂಡಲೇ ಅವರ ನಗು ಹಿಂದೆ ಉಳಿಯುತ್ತಿತ್ತು.

ನಿಜ ಹೇಳಬೇಕೆಂದರೆ ನಮ್ಮ ಸಂಸಾರ ನಡೆದದ್ದೇ ಆ ಸ್ಕೂಟರಿನ ಮೇಲೆ. ಮನೆಯಲ್ಲಿ ಅವ್ವ, ಮಗಳು, ಟಿವಿ, ಬಂದು ಹೋಗುವ ನೆಂಟರು. ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡುವುದೆಂದರೆ ನಮ್ಮ ಮನೆಯಲ್ಲಿ ಏನೋ ಜಗಳ ಎಂದೇ ಅರ್ಥ. ಹಾಗಾಗಿ ಮಾತೆಲ್ಲ ದಾರಿಯಲ್ಲಿ. ಮಾತು ಅವಳದು, ಹೂಂಗುಟ್ಟುವುದು ನನ್ನದು. ಹೆಲ್ಮೆಟ್ಟಿನೊಳಗಿಂದ ಸ್ವಲ್ಪ ಎಡಕ್ಕೆ ಮುಖ ವಾಲಿಸಿ ಅವಳು ಹೇಳುವಳು, ನಾನು ಅವಳ ಭುಜದ ಮೇಲೆ ಗದ್ದ ಇಟ್ಟಂತೆ ಬಾಗಿ ಕೇಳುವೆ. ಮಗಳ ಮದುವೆ ನಿಶ್ಚಯವಾದದ್ದು, ಅವಳಪ್ಪ ತೀರಿಕೊಂಡ ವರ್ಷ ಅವಳು ಅತ್ತದ್ದು, ಬಡಾವಣೆಯಲ್ಲಿ ಸೈಟು ತೆಗೆದುಕೊಳ್ಳೋಣ ಎಂದು ಹಟ ಹಿಡಿದದ್ದು, ಎಲ್ಲ ಆ ಗಾಳಿಯಲ್ಲೇ. ಎದುರಾಬದುರು ಕೂತಿದ್ದರೆ ಅದರಲ್ಲಿ ಅರ್ಧವನ್ನೂ ನಾವು ಮಾತಾಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ರಸ್ತೆಯೆಲ್ಲ ಮೆಕ್ಕೆಜೋಳ. ಕಣ ಮಾಡುವವರು ಯಾರು ಈಗ? ಡಾಂಬರಿನ ಒಂದು ಬದಿಗೆ ಸುರಿದು, ಹರವಿ, ಅಂಚಿಗೆ ಕಲ್ಲು ಇಟ್ಟು ಒಣಗಿಸುತ್ತಾರೆ. ಅದನ್ನು ಬಳಸಿಕೊಂಡು ಹೋಗುವುದು ನಮಗೆಲ್ಲ ರೂಢಿ. ಅವತ್ತು ಬೆಳಿಗ್ಗೆ ದೊಡ್ಡಬಾತಿಯ ಆಚೆ ಎದುರಿಗೆ ಲಾರಿಯೊಂದು ಬಂತು, ಅವಳು ಬದಿಗೆ ಸರಿದಳು, ಗಾಲಿ ಕಾಳಿನ ಮೇಲೆ ಹತ್ತಿತು. ಮೆಕ್ಕೆಜೋಳದ ಕಾಳು ಗೋಲಿಯಂತೆ ಉರುಳುತ್ತದೆ. ಸ್ಕೂಟರು ಮಲಗಿತು. ಅವಳಿಗೆ ಅಂಗೈ ತರಚಿತಷ್ಟೇ. ನನ್ನ ಬಲ ಮೊಣಕೈ ರಸ್ತೆಗೆ ಉಜ್ಜಿ ಚರ್ಮ ಕಿತ್ತು ಬಂದು, ಹೊಲಿಗೆ ಹಾಕಿಸಬೇಕಾಯಿತು. ಹೆಲ್ಮೆಟ್ಟು ಇದ್ದದ್ದರಿಂದ ತಲೆಗೆ ಏನೂ ಆಗಲಿಲ್ಲ. ಕಾಳು ಹರವಿದ್ದ ರೈತರೇ ಓಡಿ ಬಂದು ನಮ್ಮನ್ನು ಎಬ್ಬಿಸಿ, ನೀರು ಕುಡಿಸಿ, ಆಟೋ ಹತ್ತಿಸಿದರು.

ಸ್ಕೂಟರು ರಿಪೇರಿಯಾಗಿ ಬಂತು. ಅವಳು ಅದರ ಮೇಲೆ ಹಳೆಯ ಜಮಖಾನ ಹೊದಿಸಿ ಗೇಟಿನ ಪಕ್ಕ ನಿಲ್ಲಿಸಿಬಿಟ್ಟಳು. "ಇನ್ಮೇಲೆ ಬಸ್ಸಿಗೆ ಹೋಗಾಣ್ರಿ" ಎಂದಳು.

ಬಸ್ಸಿಗೆ ಹೋದೆವು. ಹೆಂಗಸರ ಸೀಟು ಮುಂದೆ, ಗಂಡಸರದು ಹಿಂದೆ. ಅವಳು ಡ್ರೈವರನ ಹಿಂದಿನ ಸಾಲಿನಲ್ಲಿ ಕೂತರೆ ನಾನು ಹಿಂಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿರುತ್ತಿದ್ದೆ. ಜನರ ತಲೆಗಳ ನಡುವೆ ಅವಳ ತುರುಬು ಕಾಣಿಸುತ್ತಿತ್ತು. ಹರಿಹರದಲ್ಲಿ ಇಳಿದು ಅವಳು ಆ ಕಡೆ, ನಾನು ಈ ಕಡೆ. ಒಂದು ತಿಂಗಳು ಕಳೆಯುವುದರೊಳಗೆ ನನಗೆ ಗೊತ್ತಾಯಿತು, ನಮ್ಮಿಬ್ಬರ ನಡುವೆ ಮಾತೇ ನಿಂತುಹೋಗಿದೆ. ಜಗಳವಿಲ್ಲ, ಸಿಟ್ಟಿಲ್ಲ. ಸೊಪ್ಪು ತಂದ್ರಾ, ಗ್ಯಾಸ್ ಬಂತಾ, ಮಾತ್ರೆ ನುಂಗಿದ್ರಾ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಅವಳ ಶಾಲೆಯಲ್ಲಿ ಏನಾಗುತ್ತಿದೆ ಎಂಬುದು ನನಗೆ ಬೇರೆಯವರ ಬಾಯಿಂದ ತಿಳಿಯತೊಡಗಿತು. ನನಗೆ ತುಂಬ ಸಂಕಟವಾಯಿತು. ಇದನ್ನು ಹೇಳಿಕೊಳ್ಳುವುದಾದರೂ ಹೇಗೆ? ಹೇಳಿಕೊಳ್ಳುತ್ತಿದ್ದ ಜಾಗವೇ ಜಮಖಾನದ ಕೆಳಗಿತ್ತು.

ನನಗೆ ಮತ್ತೆ ಪೆಟ್ಟಾದೀತೆಂಬ ಭಯಕ್ಕೆ ಅವಳು ಗಾಡಿ ಬಿಟ್ಟಿದ್ದಾಳೆ ಎಂದು ನಾನು ಲೆಕ್ಕ ಹಾಕಿದೆ. ನನ್ನ ಮೊಣಕೈಯ ಕಲೆ ಕಂಡಾಗಲೆಲ್ಲ ಅವಳ ಮುಖ ಸಣ್ಣದಾಗುತ್ತಿತ್ತು. ಅದಕ್ಕೇ ಮಧ್ಯಾಹ್ನದ ಬಿಸಿಲಲ್ಲೂ ಅಂಗಿಯ ತುಂಬುತೋಳಿನ ಗುಂಡಿ ಬಿಚ್ಚುತ್ತಿರಲಿಲ್ಲ ನಾನು. ದಪ್ಪ ಚರ್ಮದ ಜಾಕೆಟ್ಟು ಹಾಕಿಕೊಂಡು ಹಿಂದೆ ಕೂತರೆ ಅವಳಿಗೆ ಧೈರ್ಯ ಬರಬಹುದು ಎಂದುಕೊಂಡೆ. ಇದು ಒಂದು ಕಾರಣ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹದಿನೆಂಟನೆಯ ವಯಸ್ಸಿನಿಂದಲೂ ನನಗೆ ಅಂಥದ್ದೊಂದು ಜಾಕೆಟ್ಟಿನ ಆಸೆ. ಅಗಲ ಕಾಲರು, ಎದೆಯ ಮೇಲೆ ಓರೆಯಾಗಿ ಹೋಗುವ ಜಿಪ್ಪು, ಸೊಂಟಕ್ಕೆ ಪಟ್ಟಿ. ಗಾಡಿ ನನ್ನ ಹಣೆಯಲ್ಲಿ ಬರೆದಿಲ್ಲ, ಸರಿ. ಅಂಗಿಗೂ ಲೈಸೆನ್ಸು ಬೇಕೇನು?

ಹಾಗೆ ಒಂದು ಶನಿವಾರ ಒಬ್ಬನೇ ಆ ಅಂಗಡಿಗೆ ಹೋದದ್ದು. ಅಂಗಡಿಯವರು ನನ್ನ ವಯಸ್ಸಿನವರೇ, ಬಿಳಿ ಗಡ್ಡ, ಮೆಲು ದನಿ. ಒಂದೊಂದೇ ಜಾಕೆಟ್ಟು ಇಳಿಸಿ ಗಾಜಿನ ಮೇಜಿನ ಮೇಲೆ ಮಲಗಿಸಿದರು. ಕರಿಯದು ಹೊಸ ಬೂಟಿನ ಹಾಗೆ ಹೊಳೆಯುತ್ತಿತ್ತು, ಹಾಕಿಕೊಂಡರೆ ಪೊಲೀಸರ ಕಡೆಯವನೋ ಕಳ್ಳರ ಕಡೆಯವನೋ ಎಂಬ ಅನುಮಾನ ನನಗೇ ಬಂತು. ಇನ್ನೊಂದು ರೆಗ್ಜಿನ್ನಿನದು, ಹಗುರ, ಅಗ್ಗ. "ಇದು ನೋಡಾಕ ಚಂದ ಸರ್. ಬಿದ್ರೆ ಕಾಗದ ಹರದಂಗೆ ಹರೀತೈತೆ" ಎಂದು ಅವರೇ ಪಕ್ಕಕ್ಕಿಟ್ಟರು. ಮೂರನೆಯದು ಕಂದು. ಮೊಣಕೈ, ಭುಜದ ಹತ್ತಿರ ಬಣ್ಣ ಮಾಸಿತ್ತು.

"ಇದು ಹಳೇದೇನ್ರಿ?" ಎಂದೆ.

"ಹೊಸಾದೇ ಸರ್. ತಿಕ್ಕಿ ತಿಕ್ಕಿ ಹಳೇದು ಮಾಡಿರ್ತಾರೆ. ಈಗಿನವ್ರಿಗೆ ಹಂಗೇ ಬೇಕು."

ನಾವು ಪಟ್ಟಿರುವ ಪಾಡೆಲ್ಲ ಹೊಸದನ್ನು ಹಳತಾಗದಂತೆ ಇಡುವುದಕ್ಕೆ. ದುಡ್ಡು ಕೊಟ್ಟು ಮಾಸಿದ್ದನ್ನು ಕೊಳ್ಳುವ ಕಾಲ ಬಂತಲ್ಲ ಎಂದು ಸಿಡುಕಿದೆ. ಸಿಡುಕುತ್ತಲೇ ಅದನ್ನು ಮೂಸಿದೆ, ಹಾಕಿಕೊಂಡೆ. ಮೊಣಕೈಯಲ್ಲಿ ಎರಡು ಪದರ ಚರ್ಮ ಸೇರಿಸಿ ಹೊಲಿದಿದ್ದರು. ಆಗಲೇ ಅವರು ಯಾವ ಗಾಡಿ ಎಂದು ಕೇಳಿದ್ದು. ಜಿಪ್ಪು ಎಳೆದು ಮುಗಿದ ಮೇಲೂ ಅವರು ಉತ್ತರಕ್ಕೆ ಕಾಯುತ್ತಿದ್ದರು.

"ಸ್ಕೂಟರು. ಓಡ್ಸೋದು ನಾನಲ್ಲ. ಮನೆಯವರು ಓಡಿಸ್ತಾರೆ, ನಾನು ಹಿಂದೆ ಕೂರೋದು" ಎಂದೆ. ಹೇಳುವಾಗ ಅಭ್ಯಾಸದಂತೆ ವಾಪಸ್ ದಿಟ್ಟಿಸಿ ನೋಡುವುದಕ್ಕೆ ಸಿದ್ಧನಾಗಿದ್ದೆ.

ಅವರು ನಗಲಿಲ್ಲ. "ಹಂಗಾದ್ರೆ ಮೇಡಂನೂ ಕರ್ಕಂಡ್ ಬರ್ರಿ ಸರ್. ದಿನಾ ಜೊತಿಗೆ ಹೋಗೋರು ಅವ್ರಲ್ಲೇನು" ಎಂದು ಜಾಕೆಟ್ಟನ್ನು ಬೇರೆಯವರಿಗೆ ಕೊಡದೆ ಎತ್ತಿಟ್ಟರು.

ಮನೆಯಲ್ಲಿ ವಿಷಯ ಎತ್ತಿದ್ದು ರಾತ್ರಿ ಊಟಕ್ಕೆ ಕೂತಾಗ. ಹೆಂಡತಿ ರೊಟ್ಟಿ ತಟ್ಟುತ್ತಿದ್ದವಳು ತಿರುಗಿ ನೋಡಲಿಲ್ಲ. ಎದ್ದು ಬಂದವಳು ಅವ್ವ. ಲಿಂಗಪೂಜೆಗೆ ಕೂರುವ ಮುಂಚೆ ಬೆಲ್ಟು, ಪರ್ಸು ತೆಗೆದು ಹೊರಗಿಡುವ ಮನೆ ನಮ್ಮದು. ಕೈಗಡಿಯಾರದ ಪಟ್ಟಿ ಯಾವುದರದ್ದು ಎಂದು ಅವ್ವ ನನ್ನ ಅಳಿಯನನ್ನೂ ಬಿಡದೆ ಕೇಳಿದವಳು.

"ಎದಿ ಮ್ಯಾಲೆ ಲಿಂಗ ಇಟ್ಕಂಡು, ಅದ್ರ ಮ್ಯಾಲೆ ಚರ್ಮ ಹೊದ್ಕಂತೀಯೇನೋ?" ಎಂದಳು.

"ಒಳಗ ಬಟ್ಟೆ ಐತವ್ವ, ಲೈನಿಂಗು. ಚರ್ಮ ತಾಗಲ್ಲ."

"ಬಟ್ಟೆ ದಪ್ಪ ಐತೋ, ತೆಳ್ಳಗೈತೋ?"

"ದಪ್ಪನೇ ಐತೆ."

ಅವ್ವ ನನ್ನ ಕಡೆಗಲ್ಲ, ರೊಟ್ಟಿ ತಟ್ಟುತ್ತಿದ್ದ ಸೊಸೆಯ ಬೆನ್ನಿನ ಕಡೆ ನೋಡುತ್ತಾ ಹೇಳಿದಳು. "ಬಸ್ಸಿಗೆ ಹೋಗಿ ಬರಾಕ ಹತ್ತಿದ ಮ್ಯಾಲೆ ನಿಮ್ಮಿಬ್ರ ಮಾರಿ ನೋಡಾಕ ಆಗವಲ್ದು. ತರೋದಿದ್ರೆ ತಾ. ಮನಿ ಒಳಗ ಮಾತ್ರ ಬ್ಯಾಡ. ಹೊರಗ ಚಪ್ಪಲಿ ಗೂಡಿನ ಮ್ಯಾಲೆ ಮೊಳೆ ಹೊಡಿ, ಅಲ್ಲಿ ನೇತಾಕು."

ಹೆಂಡತಿ ಕಾವಲಿಯ ಮೇಲಿನ ರೊಟ್ಟಿ ಮಗುಚಿ ಹಾಕಿದಳು. "ನಾನೂ ಬರ್ತೀನಿ ಅಂಗಡಿಗೆ. ನಿಮ್ಗೆ ಬಣ್ಣ ಆರಿಸಾಕ ಬರಲ್ಲ" ಎಂದಳು.

ಮರುದಿನ ಭಾನುವಾರ ಇಬ್ಬರೂ ಆಟೋದಲ್ಲಿ ಹೋದೆವು. ಅವಳು ಚೂಡಿದಾರ ಹಾಕಿದ್ದಳು, ತಲೆ ಸ್ನಾನ ಮಾಡಿದ್ದರಿಂದ ಕೂದಲು ಬಿಟ್ಟಿದ್ದಳು. ಅಂಗಡಿಯಲ್ಲಿ ಮಾಸಿದ ಮೊಣಕೈಯನ್ನು ಮುಟ್ಟಿ ನೋಡಿದಳು, ಎರಡು ಪದರವನ್ನು ಬೆರಳಲ್ಲಿ ಹಿಸುಕಿದಳು. ನಾನು ಹಾಕಿಕೊಂಡು ನಿಂತೆ. ತೋಳು ಉದ್ದವಾಗಿ ಅಂಗೈ ಅರ್ಧ ಮುಚ್ಚಿಹೋಗಿತ್ತು.

"ನಿಂತ್ರೆ ಹಂಗೇ ಕಾಣ್ತೈತೆ ಮೇಡಂ" ಎಂದರು ಅಂಗಡಿಯವರು. "ಗಾಡಿ ಮ್ಯಾಲೆ ಕೂತು, ಕೈ ಮುಂದಕ್ಕೆ ಚಾಚಿದ್ರೆ ತೋಳು ಸರಿಯಾಗಿ ಬಂದು ಕೂಡ್ತದೆ. ನಮ್ ಗಾಡಿ ಹೊರಗೈತೆ, ಕೂತು ನೋಡ್ರಿ ಸರ್."

ಅಂಗಡಿಯ ಮುಂದೆ ಅವರ ಹಳೆಯ ಭಾರದ ಮೋಟರ್‌ಸೈಕಲ್ಲು ಜೋಡಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ನಾನು ಹೋಗಿ ಕಾಲೆತ್ತಿ ಹಾಕಿ ಕೂತೆ. ಬಲಗೈ ತಾನಾಗಿ ಪಕ್ಕದ ಹಿಡಿಕೆ ಹಿಡಿಯಿತು. ಎಡಗೈ ಮುಂದಕ್ಕೆ ಹೋಗಿ ಗಾಳಿಯಲ್ಲಿ ನಿಂತಿತು. ಅವಳ ಹೆಗಲ ಚೀಲದ ಮೇಲೆ ಇಡುತ್ತಿದ್ದ ಕೈ ಅದು. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೇನೆ ಎಂದು ಗೊತ್ತಾಗುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇಡೀ ಗಾಡಿ ಖಾಲಿಯಿತ್ತು, ಮುಂದೆ ಕೂರಬೇಡ ಎನ್ನುವವರು ಯಾರೂ ಇರಲಿಲ್ಲ, ಆದರೂ ಹಿಂದೆಯೇ ಹೋಗಿ ಕೂತಿದ್ದೆ.

"ಸರ್, ಮುಂದ ಕೂಡ್ರಿ, ಮುಂದ!" ಎಂದು ಅಂಗಡಿಯವರು ಈ ಸಲ ಬಾಯ್ತುಂಬ ನಕ್ಕರು. ಪಕ್ಕದ ಟೀ ಅಂಗಡಿಯವರೂ ನಕ್ಕರು. ನನಗೂ ನಗು ಬಂತು. ಮುಂದಕ್ಕೆ ಜರುಗಲು ನೋಡಿದೆ.

"ಅಲ್ಲೇ ಇರ್ರಿ" ಎಂದಳು ಹೆಂಡತಿ.

ಅವಳು ನಗುತ್ತಿರಲಿಲ್ಲ. ಮೆಟ್ಟಿಲಿಳಿದು ಬಂದು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ನನ್ನ ಮುಂದೆ ಹತ್ತಿ ಕೂತಳು. ಎರಡೂ ಕೈಯಲ್ಲಿ ಹ್ಯಾಂಡಲ್ಲು ಹಿಡಿದಳು. ಅಂಗಡಿಯವರು ಏನೋ ಹೇಳಲು ಬಾಯಿ ತೆರೆದವರು, ಅವಳ ಮುಖ ನೋಡಿ ಒಳಗೆ ಹೋದರು. ಗಾಡಿಗೆ ಕೀಲಿಯೂ ಇರಲಿಲ್ಲ. ಎದುರಿಗೆ ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ನನ್ನ ಎಡಗೈ ಅವಳ ಹೆಗಲ ಚೀಲದ ಮೇಲೆ ಕೂತಿತ್ತು.

ಅವಳು ಮುಖವನ್ನು ಸ್ವಲ್ಪ ಎಡಕ್ಕೆ ವಾಲಿಸಿ ಮಾತಾಡಿದಳು. "ಯಾಕ ಈ ಜಾಕೆಟ್ಟು ಅಂತ ನಂಗೆ ಗೊತ್ತೈತೆ ರೀ. ನಿಮ್ ಕೈಗೆ ಪೆಟ್ಟಾಗಲ್ಲ ಅಂದ್ರೆ ನಾನು ಗಾಡಿ ತಗೀತೀನಿ ಅಂತ. ಅಲ್ಲೇನ್ರಿ?"

"ಹೂಂ."

"ನನ್ ಭಯ ಮೊಣಕೈದಲ್ಲ. ಅವತ್ತು ನಾನು ಎದ್ದು ನೋಡಿದ್ರೆ ನೀವು ಕಾಳಿನ ಮ್ಯಾಲೆ ಅಂಗಾತ ಬಿದ್ದಿದ್ರಿ. ಕಣ್ ಬಿಟ್ಟೇ ಐತೆ. ರೀ ಅಂತೀನಿ, ರೀ ಅಂತೀನಿ, ಓ ಅನ್ನವಲ್ರಿ ನೀವು. ಪಿಟ್ಸ್ ಬಂತೋ, ಇಲ್ಲಾ ಹೋಗೇಬಿಟ್ರೋ, ಒಂದೂ ತಿಳೀಲಿಲ್ಲ." ಅವಳು ಬ್ರೇಕನ್ನು ಒಮ್ಮೆ ಒತ್ತಿ ಬಿಟ್ಟಳು. "ರೈತ್ರು ಬಂದು ನೀರು ಹೊಡದ ಮ್ಯಾಲೆ ನೀವು ನನ್ ಕಡೆ ನೋಡಿದ್ದು."

ನನ್ನ ಪಾಲಿಗೆ ಅದು ಒಂದು ಗಳಿಗೆ ಅಷ್ಟೇ ಆಗಿತ್ತು. ಬೆನ್ನ ಕೆಳಗೆ ಬೆಚ್ಚಗಿನ ಕಾಳು, ಮೇಲೆ ಆಕಾಶ, ಎಲ್ಲೋ ದೂರದಲ್ಲಿ ಅವಳು ಕೂಗುತ್ತಿದ್ದಳು. ನೋವೂ ಇರಲಿಲ್ಲ. ಮಂಕು ಕವಿದಿತ್ತು. ಅದೇ ಗಳಿಗೆ ಅವಳಿಗೆ ಅಷ್ಟು ಉದ್ದವಾಗಿತ್ತು ಎಂದು ನನಗೆ ಹೇಗೆ ತಿಳಿಯಬೇಕು?

"ಓಡಿಸುವಾಗ ಹಿಂದಕ್ಕೆ ತಿರುಗಿ ನೋಡಾಕ ಆಗಲ್ಲ ಅಲ್ರಿ?" ಎಂದಳು. "ರಿಪೇರಿಯಿಂದ ಮನಿಗೆ ತರುವಾಗ ಒಬ್ಬಳೇ ಓಡಿಸ್ಕಂಡು ಬಂದೆ. ಭಯ ಆಗ್ಲಿಲ್ಲ. ಹಿಂದೆ ನೀವು ಕೂತಿರ್ತೀರಿ, ನಾನು ಮುಂದೆ ನೋಡ್ತಾ ಇರ್ತೀನಿ, ನಿಮಗೇನೋ ಆಗಿರ್ತೈತೆ, ನಂಗೆ ಗೊತ್ತೇ ಆಗಿರಲ್ಲ. ಅದನ್ನ ನೆನಸ್ಕಂಡ್ರೆ ಜಮಖಾನ ಎತ್ತಾಕ ಕೈ ಬರವಲ್ದು."

ನಿಂತ ಗಾಡಿಯ ಮೇಲೆ, ಭಾನುವಾರದ ಬಿಸಿಲಲ್ಲಿ, ಟೀ ಅಂಗಡಿಯ ಮುಂದೆ, ಎರಡು ತಿಂಗಳಿಂದ ನಾನು ಕಾದಿದ್ದ ಅವಳ ಮಾತು ನನಗೆ ಸಿಕ್ಕಿತ್ತು. ಹೂಂ ಎಂದರೆ ಸಾಲದು ಎಂದು ಗೊತ್ತಾಯಿತು.

"ಹಂಗಾದ್ರೆ ನಾನು ಮಾತಾಡ್ತಾನೇ ಇರ್ತೀನಿ" ಎಂದೆ. "ಮನೆ ಬಿಟ್ಟಾಗಿಂದ ಹರಿಹರ ಮುಟ್ಟೋ ತನಕ. ನನ್ ದನಿ ಕೇಳ್ತಿದ್ರೆ ನಾನಿದೀನಿ ಅಂತ ಗೊತ್ತಾಗ್ತೈತಲ್ಲ."

"ನೀವು? ಮಾತಾಡ್ತೀರಾ?" ಎಂದಳು. ಅವಳ ಬೆನ್ನು ಅಲುಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹಿಂದಿನಿಂದ ತಿಳಿಯಲಿಲ್ಲ. ತಿರುಗಿ ನೋಡಲಾಗದ ಕಷ್ಟ ಅವಳೊಬ್ಬಳದೇ ಅಲ್ಲ ಎಂದು ಅನ್ನಿಸಿತು.

ಕಂದು ಜಾಕೆಟ್ಟನ್ನೇ ತೆಗೆದುಕೊಂಡೆವು. ತೋಳು ಉದ್ದವೇ ಉಳಿಯಿತು. ಹಿಂದೆ ಕೂರುವವನು ಹ್ಯಾಂಡಲ್ಲಿಗೆ ಕೈ ಚಾಚುವುದಿಲ್ಲವಲ್ಲ. ಮಡಚಿ ಹೊಲಿಸೋಣವೇ ಎಂದು ಅಂಗಡಿಯವರು ಕೇಳಿದರು. "ಇರ್ಲಿ ಬಿಡ್ರಿ, ಚಳಿಗೆ ಕೈ ಒಳಗ ಎಳ್ಕಂತಾರೆ" ಎಂದಳು ಹೆಂಡತಿ. ಚಪ್ಪಲಿ ಗೂಡಿನ ಮೇಲೆ ಮೊಳೆ ಹೊಡೆದದ್ದು ನಾನು. ಜಾಕೆಟ್ಟಿನ ಮೇಲೆ ಧೂಳು ಕೂರದಂತೆ ತನ್ನ ಹಳೆಯ ಸೀರೆಯ ತುಂಡು ಹೊದಿಸಿದವಳು ಅವ್ವ, ಕೈ ತಾಗದ ಹಾಗೆ, ದೂರದಿಂದ.

ಸೋಮವಾರ ಬೆಳಿಗ್ಗೆ ಮಂಜಿತ್ತು. ಅವಳು ಜಮಖಾನ ತೆಗೆದು, ಕೊಡವಿ, ಮಡಚಿಟ್ಟಳು. ಸ್ಕೂಟರು ಒಂದೇ ಸಲಕ್ಕೆ ಶುರುವಾಗದೆ ಒಂದಿಷ್ಟು ಸತಾಯಿಸಿತು. ಗೇಟು ದಾಟುವಾಗಲೇ ನಾನು ಮಾತಿಗೆ ತೊಡಗಿದೆ. ಜಾಕೆಟ್ಟಿನ ವಾಸನೆಯ ಬಗ್ಗೆ ಹೇಳಿದೆ. ಕಾಲೇಜಿನ ಜೆರಾಕ್ಸ್ ಮಷೀನು ಕೆಟ್ಟ ಕಥೆ ಹೇಳಿದೆ. ಅದನ್ನು ಸರಿ ಮಾಡಲು ಬಂದವನು ಇದ್ದದ್ದನ್ನೂ ಕೆಡಿಸಿ ಹೋದದ್ದನ್ನು ಹೇಳಿದೆ. ಹುಟ್ಟಿದಾಗಿನಿಂದ ಒಂದೇ ಉಸಿರಿಗೆ ಅಷ್ಟು ಮಾತಾಡಿದವನಲ್ಲ ನಾನು. ಊರು ದಾಟುವುದರೊಳಗೆ ಸರಕು ಮುಗಿಯಿತು. ಆಮೇಲೆ ಕಂಡದ್ದನ್ನೇ ಹೇಳಿದೆ, ಅಗೋ ಹಾಲಿನ ವ್ಯಾನು, ಅಗೋ ಕುರಿ ಮಂದೆ, ಈ ಮನೆಗೆ ಹೊಸ ಬಣ್ಣ ಬಳಿದಿದ್ದಾರೆ. ಅವಳು ಒಂದು ಮಾತೂ ಆಡಲಿಲ್ಲ. ಭುಜ ಬಿಗಿದುಕೊಂಡು ನಿಧಾನವಾಗಿ ಓಡಿಸುತ್ತಿದ್ದಳು. ಹಿಂದಿನಿಂದ ಬಂದವರೆಲ್ಲ ಹಾರನ್ನು ಹೊಡೆದು ಮುಂದೆ ಹೋದರು.

ದೊಡ್ಡಬಾತಿ ಬಂತು. ದಾಟಿದೆವು. ಅವತ್ತು ಬಿದ್ದ ಜಾಗದಲ್ಲಿ ರಸ್ತೆ ಖಾಲಿಯಿತ್ತು, ಅಂಚಿಗಿಟ್ಟಿದ್ದ ಕಲ್ಲುಗಳು ಒಂದೆರಡು ಅಲ್ಲೇ ಬಿದ್ದಿದ್ದವು. ಅವಳು ಇನ್ನಷ್ಟು ನಿಧಾನ ಮಾಡಿದಳು. ನನ್ನ ಬಾಯಿ ಒಣಗಿತ್ತು. ಆದರೂ ಬಿಡದೆ ಜೆರಾಕ್ಸ್ ಮಷೀನಿನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳತೊಡಗಿದೆ. ಆ ಜಾಗ ಹಿಂದೆ ಸರಿಯಿತು. ಅವಳ ಭುಜ ಇಳಿದದ್ದು ನನ್ನ ಕೈಗೆ ಗೊತ್ತಾಯಿತು. ಸ್ಕೂಟರಿನ ವೇಗ ಸ್ವಲ್ಪ ಹೆಚ್ಚಾಯಿತು. ನಾನು ಹೇಳುತ್ತಲೇ ಇದ್ದೆ.

"ರೀ, ಸಾಕು ಮಾಡ್ರಿ!" ಎಂದು ಅವಳು ಹೆಲ್ಮೆಟ್ಟಿನೊಳಗಿಂದ ಕೂಗಿದಳು. "ಏನ್ ತಲೆ ತಿಂತೀರಿ. ಸ್ವಲ್ಪ ಬಾಯಿ ಮುಚ್ಕಂಡು ಕೂಡ್ರಿ, ನಂದೂ ಮಾತೈತೆ."

ನಾನು ಬಾಯಿ ಮುಚ್ಚಿದೆ. ನನಗೆ ಅಳು ಬಂದಿತ್ತು. ಅವಳು ಮುಖ ಎಡಕ್ಕೆ ವಾಲಿಸಿ, ಎರಡು ತಿಂಗಳಿಂದ ಕೂಡಿಟ್ಟದ್ದನ್ನೆಲ್ಲ ಶಾಲೆಯ ಹೆಡ್‌ಮಾಸ್ತರರಿಂದ ಶುರು ಮಾಡಿ ಹೇಳತೊಡಗಿದಳು. ಹರಿಹರ ಬಂದರೂ ಅದು ಮುಗಿದಿರಲಿಲ್ಲ. ಕಾಲೇಜಿನ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ನು ಆರಿಸದೆ, ಅವಳು ಹೇಳುತ್ತಲೇ ಇದ್ದಳು. ನಾನು ಇಳಿಯಲಿಲ್ಲ.